ಸ್ಟಾರ್ಟ್ ಬಟನ್ ಹೋಗಿ ಬಂದ ಕಥೆ: ಎಣಿಸಿದ್ದು ಯಾರನ್ನ, ಬಿಟ್ಟಿದ್ದು ಯಾರನ್ನ?

ಈ ಸಲದ ವಿಡಿಯೋ ನೋಡೋಕೆ ಪುರುಸೊತ್ತು ಸಿಗದೆ, ಕ್ಯಾಬ್‌ನಲ್ಲೋ ಲೋಕಲ್ ಟ್ರೇನಿನಲ್ಲೋ ಕೂತು ಓದೋರಿಗಾಗಿ ಅದರ ಬರಹರೂಪ ಇಲ್ಲಿದೆ. ಮಾತಿನಲ್ಲಿ ಹೇಳಿದ್ದನ್ನ ಸ್ವಲ್ಪ ಒಪ್ಪ ಮಾಡಿದ್ದೀನಿ, ಅಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿಷಯ ಸೇರಿಸಿದ್ದೀನಿ.

ಹೊಸ ಆಪರೇಟಿಂಗ್ ಸಿಸ್ಟಮ್ ಬಂತು ಅಂದ್ರೆ ಒಂದು ಜಗಳ ಕಟ್ಟಿಟ್ಟ ಬುತ್ತಿ. "ಹಳೇದೇ ಚೆನ್ನಾಗಿತ್ತು" ಅನ್ನೋರು ಒಂದು ಕಡೆ, "ನಿಮಗೆ ಬದಲಾವಣೆ ಅಂದ್ರೇನೇ ಆಗಲ್ಲ" ಅನ್ನೋರು ಇನ್ನೊಂದು ಕಡೆ. ಬಟನ್ ದುಂಡಗಿರಬೇಕಾ ಚೌಕ ಇರಬೇಕಾ, ಟಾಸ್ಕ್‌ಬಾರ್ ಎಡಕ್ಕಾ ನಡುವೆಯಾ, ಗಾಜಿನ ಹಾಗೆ ಹೊಳೀಬೇಕಾ ಬೇಡವಾ. ಹೊರಗಿನಿಂದ ನೋಡಿದರೆ ಇದು ಬರೀ ರುಚಿಯ ವಿಷಯ ಅನ್ನಿಸುತ್ತೆ. ಒಬ್ಬರಿಗೆ ರಾಗಿಮುದ್ದೆ, ಒಬ್ಬರಿಗೆ ಜೋಳದ ರೊಟ್ಟಿ, ಅದಕ್ಕೇನು ವಾದ ಅಂತ.

ಆದರೆ ಈ ಜಗಳಗಳಲ್ಲೆಲ್ಲ ದೊಡ್ಡದಾದ ಒಂದನ್ನ, ಅಂದ್ರೆ 2012ರ ವಿಂಡೋಸ್ 8ರ ಜಗಳವನ್ನ, ಬಿಡಿಸಿ ನೋಡಿದರೆ ಒಳಗೆ ಬೇರೆ ಪ್ರಶ್ನೆ ಸಿಗುತ್ತೆ. ಬದಲಾವಣೆ ಮಾಡೋರು ಯಾರನ್ನ ನೋಡಿ ಮಾಡಿದರು? ಹೊಸದನ್ನ ಕಲಿಯೋ ಖರ್ಚು ಯಾರ ತಲೆ ಮೇಲೆ ಬಿತ್ತು? ನನ್ನ ಪ್ರಕಾರ ಆ ಕಥೆಯ ತಿರುಳು ಇದೇ. ಇದರಲ್ಲಿ ಕನ್ನಡದವರಿಗೂ ಒಂದು ಪಾಲಿದೆ, ಕೊನೆಯಲ್ಲಿ ಹೇಳ್ತೀನಿ.

ಬಟನ್ ಹುಟ್ಟಿದ್ದು ಹೇಗೆ?

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ವಿಂಡೋಸ್ 3.1 ಬಳಸಿದೋರು ನಮ್ಮಲ್ಲಿ ಕಡಿಮೆ ಇರಬಹುದು. ಅದರಲ್ಲಿ ಸ್ಟಾರ್ಟ್ ಬಟನ್ ಇರಲಿಲ್ಲ, ಟಾಸ್ಕ್‌ಬಾರೂ ಇರಲಿಲ್ಲ. ಪ್ರೋಗ್ರಾಂ ಮ್ಯಾನೇಜರ್ ಅಂತ ಒಂದು ಕಿಟಕಿ, ಅದರೊಳಗೆ ಇನ್ನಷ್ಟು ಪುಟ್ಟ ಕಿಟಕಿಗಳು, ಅವುಗಳೊಳಗೆ ಐಕಾನ್‌ಗಳು. ಒಂದು ಪ್ರೋಗ್ರಾಂ ಶುರು ಮಾಡೋಕೆ ಡಬಲ್ ಕ್ಲಿಕ್ ಬರಬೇಕು. ಹೊಸಬರಿಗೆ ಅದೇ ದೊಡ್ಡ ಕಸರತ್ತು. ಪ್ರೋಗ್ರಾಮನ್ನ ಮಿನಿಮೈಸ್ ಮಾಡಿದರೆ ಅದು ಡೆಸ್ಕ್‌ಟಾಪಿನ ಕೆಳಗೆ ಐಕಾನ್ ಆಗಿ ಕೂರ್ತಿತ್ತು, ಅದರ ಮೇಲೆ ಇನ್ನೊಂದು ಕಿಟಕಿ ಬಂದ್ರೆ ಮುಚ್ಚಿಹೋಗ್ತಿತ್ತು. ಬಳಸೋನಿಗೆ "ನನ್ನ ಕೆಲಸ ಎಲ್ಲೋ ಕಳೆದುಹೋಯ್ತು" ಅನ್ನಿಸ್ತಿತ್ತು.

ಮುಂದೆ ವಿಂಡೋಸ್ 95 ಆಗಿ ಬಂದ "ಶಿಕಾಗೋ" ಯೋಜನೆಯ ತಂಡ ಇದನ್ನ ಸರಿಮಾಡೋಕೆ ಹೊರಟಾಗ ಹಿಡಿದ ದಾರಿ ಗಮನಿಸಬೇಕಾದ್ದು. ಜನರನ್ನ ಲ್ಯಾಬಿಗೆ ಕರೆದು, ಮೆಷಿನ್ ಮುಂದೆ ಕೂರಿಸಿ, ಒಂದು ಕೆಲಸ ಕೊಟ್ಟು, ಪಕ್ಕದಲ್ಲಿದ್ದು ನೋಡಿದರು. ಆ ತಂಡದ ಕೆಂಟ್ ಸಲಿವನ್ 1996ರಲ್ಲಿ ಬರೆದ ಪ್ರಬಂಧದ ಪ್ರಕಾರ 64 ಸುತ್ತಿನ ಲ್ಯಾಬ್ ಪರೀಕ್ಷೆ, 560 ಜನ. ಅವರಲ್ಲಿ ಸುಮಾರು ಅರ್ಧ ಜನ ವಿಂಡೋಸ್ 3.1 ಸಾಧಾರಣವಾಗಿ ಬಲ್ಲವರು. ಉಳಿದವರಲ್ಲಿ ಹೊಸಬರು, ಪಳಗಿದವರು, ಬೇರೆ ಸಿಸ್ಟಮ್ ಬಳಸೋರು ಎಲ್ಲ ಇದ್ದರು.

ಮೊದಲ ವಿನ್ಯಾಸ ಸರಿಹೋಗಲಿಲ್ಲ. ತೆರೆಯ ಕೆಳಗೆ ಸಿಸ್ಟಮ್, ಫೈಂಡ್, ಹೆಲ್ಪ್ ಅಂತ ಬೇರೆ ಬೇರೆ ಬಟನ್‌ಗಳನ್ನ ಇಟ್ಟಿದ್ದರು. ಜನ ತಡಕಾಡಿದ್ದನ್ನ ನೋಡಿ, ತಿದ್ದಿ, ಮತ್ತೆ ನೋಡಿ, ಕೊನೆಗೆ ಎಲ್ಲವನ್ನೂ ಒಂದೇ ಬಟನ್ನಿಗೆ ತಂದರು. ಹೊಸಬರಿಗೇ ಅಂತ ಒಂದು ಬೇರೆ ಇಂಟರ್‌ಫೇಸ್ ಮಾಡೋ ಆಲೋಚನೆಯೂ ಇತ್ತು, ಅದನ್ನ ಕೈಬಿಟ್ಟರು. ಇವತ್ತಿನ ಹೊಸಬ ನಾಳೆ ಹಳಬ ಆಗ್ತಾನೆ, ಆಗ ಅವನು ಎಲ್ಲವನ್ನೂ ಮೊದಲಿಂದ ಕಲೀಬೇಕಾಗುತ್ತಲ್ಲ!

1995ರ ಆಗಸ್ಟ್ 24ಕ್ಕೆ ವಿಂಡೋಸ್ 95 ಬಂತು. ಎಡಗಡೆ ಕೆಳಗಿನ ಮೂಲೆಯಲ್ಲಿ ಒಂದು ಬಟನ್, ಅದರ ಮೇಲೆ "ಸ್ಟಾರ್ಟ್" ಅಂತ ಅಕ್ಷರ. ಅಷ್ಟು ಸಾಲದು ಅಂತ, ಮೊದಲ ಸಲ ಮೆಷಿನ್ ಆನ್ ಮಾಡಿದಾಗ, ಶುರು ಮಾಡೋಕೆ ಇಲ್ಲಿ ಒತ್ತಿ ಅನ್ನೋ ಅರ್ಥದ ಮಾತು ಬಾಣದ ಗುರುತಿನ ಜೊತೆ ಟಾಸ್ಕ್‌ಬಾರ್ ಮೇಲೆ ಜಾರಿಕೊಂಡು ಬಟನ್ ಹತ್ರ ಬರ್ತಿತ್ತು. ಬಲ್ಲವರಿಗೆ ಅದು ನಗು ತರಿಸ್ತು. ಆದರೆ ಅದು ಬಲ್ಲವರಿಗಾಗಿ ಇಟ್ಟದ್ದೇ ಅಲ್ವಲ್ಲ.

ಬಣ್ಣ ಬದಲಾಯ್ತು, ಜಾಗ ಬದಲಾಗಲಿಲ್ಲ

ಮುಂದಿನ ದೊಡ್ಡ ಗಲಾಟೆ 2001ರ ಅಕ್ಟೋಬರ್ 25ಕ್ಕೆ ಬಂದ ವಿಂಡೋಸ್ ಎಕ್ಸ್‌ಪಿಯದು. ಅಲ್ಲೀವರೆಗೆ ಬೂದು ಬಣ್ಣದ ಚೌಕಗಳನ್ನ ನೋಡಿದ್ದ ಕಣ್ಣಿಗೆ ದಟ್ಟ ನೀಲಿ ಟಾಸ್ಕ್‌ಬಾರ್, ಹಸಿರು ಸ್ಟಾರ್ಟ್ ಬಟನ್, ಗುಡ್ಡದ ವಾಲ್‌ಪೇಪರ್. ಆ ಗುಡ್ಡ ಕ್ಯಾಲಿಫೋರ್ನಿಯಾದ ಸೊನೋಮಾ ಕೌಂಟಿಯದು, 1996ರಲ್ಲಿ ಚಾರ್ಲ್ಸ್ ಓರಿಯರ್ ತೆಗೆದ ಫೋಟೋ. "ಲೂನಾ" ಅನ್ನೋ ಈ ರೂಪವನ್ನ ಅಮೆರಿಕದ ಮಕ್ಕಳ ಆಟಿಕೆ ಕಂಪನಿಯೊಂದರ ಹೆಸರಿಟ್ಟು ಗೇಲಿ ಮಾಡಿದೋರು ಬಹಳ ಜನ. ಆಫೀಸ್ ಮೆಷಿನ್‌ಗೆ ಇದು ಒಪ್ಪುತ್ತಾ ಅಂತ ಕೇಳಿದರು.

ಆದರೆ ಆ ಜಗಳ ಬೇಗ ತಣ್ಣಗಾಯ್ತು. ಎರಡು ಕಾರಣ. ಒಂದು, ಇಷ್ಟ ಇಲ್ಲದೋರಿಗೆ "ಕ್ಲಾಸಿಕ್" ರೂಪ ಅಲ್ಲೇ ಇತ್ತು. ನಾಲ್ಕು ಕ್ಲಿಕ್ ಮಾಡಿದರೆ ಬೂದು ಬಣ್ಣ ವಾಪಸ್, ಹಳೇ ಸ್ಟಾರ್ಟ್ ಮೆನುವೂ ವಾಪಸ್. ಎರಡು, ಬಣ್ಣ ಏನೇ ಆಗಿರಲಿ, ಬಟನ್ ಇದ್ದ ಜಾಗ ಅದೇ. ಕಣ್ಣಿಗೆ ಹೊಸದು, ಕೈಗೆ ಹಳೇದು.

ಈ "ಅದೇ ಜಾಗ" ಅನ್ನೋದರ ಬೆಲೆ ಊರು ಬಿಟ್ಟು ಬಂದವರಿಗೆ ಚೆನ್ನಾಗಿ ಗೊತ್ತು. ನಮ್ಮಪ್ಪ ಹಾವೇರಿ ಜಿಲ್ಲೆಯಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದೋರು. ರಿಟೈರ್ ಆದಮೇಲೆ ಎಕ್ಸ್‌ಪಿ ಇರೋ ಕಂಪ್ಯೂಟರ್ ಒಂದನ್ನ ಇಟ್ಕೊಂಡು ನುಡಿಯಲ್ಲಿ ಪತ್ರ, ಲೇಖನ ಟೈಪ್ ಮಾಡ್ತಿದ್ರು. ನಾನು ಪುಣೆಯಲ್ಲಿ. ಭಾನುವಾರದ ಫೋನ್ ಅಂದ್ರೆ ಅರ್ಧ ಕುಶಲ, ಅರ್ಧ ಟೆಕ್ ಸಪೋರ್ಟ್. "ಅಪ್ಪಾ, ಎಡಕ್ಕ ತೆಳಗ ಮೂಲ್ಯಾಗ ಹಸರ ಬಟನ್ ಐತಲ್ರಿ, ಅದನ್ನ ಒತ್ರಿ." "ಒತ್ತಿದೆ, ಮುಂದ ಹೇಳು." ಅಷ್ಟೇ. ನನಗೆ ಅವರ ತೆರೆ ಕಾಣಲ್ಲ, ಅವರಿಗೆ ನನ್ನ ಕೈ ಕಾಣಲ್ಲ, ಆದರೂ ಇಬ್ಬರಿಗೂ ಗೊತ್ತಿರೋ ಒಂದು ಗುರುತು ಅಲ್ಲಿದೆ. ಊರಲ್ಲಿ ದಾರಿ ಹೇಳುವಾಗ "ಹುಣಸೇಮರದ ಹತ್ರ ಎಡಕ್ಕೆ ತಿರುಗಿ" ಅಂತೀವಲ್ಲ, ಹಾಗೆ. ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿರೋ ನೀವೂ ಈ ಮಾತನ್ನ ನಿಮ್ಮ ನಿಮ್ಮ ಊರಿನ ಕನ್ನಡದಲ್ಲಿ ಹೇಳಿರ್ತೀರಿ.

ಹುಣಸೇಮರ ಕಡಿದ ವರ್ಷ

ಈಗ 2011-12ಕ್ಕೆ ಬರೋಣ. ವಿಂಡೋಸ್ 8 ಮಾಡಿದೋರಿಗೆ ತಲೆ ಕೆಟ್ಟಿತ್ತು ಅಂತ ಹೇಳಿಬಿಡೋದು ಸುಲಭ, ಆದರೆ ನ್ಯಾಯ ಅಲ್ಲ. 2010ರ ಏಪ್ರಿಲ್‌ನಲ್ಲಿ ಐಪ್ಯಾಡ್ ಮಾರಾಟಕ್ಕೆ ಬಂದಿತ್ತು. ಕೀಬೋರ್ಡ್ ಇಲ್ಲ, ಮೌಸ್ ಇಲ್ಲ, ಬೆರಳೇ ಎಲ್ಲ. ಕಂಪ್ಯೂಟರ್ ಅಂದ್ರೆ ಇನ್ನು ಮುಂದೆ ಇದೇನಾ ಅನ್ನೋ ಪ್ರಶ್ನೆ ಇಡೀ ಉದ್ಯಮಕ್ಕೆ ಇತ್ತು. ಸ್ಟೀವನ್ ಸಿನೋಫ್ಸ್ಕಿ ಮುಂದಾಳತ್ವದ ವಿಂಡೋಸ್ ತಂಡ ಇದಕ್ಕೆ ಕೊಟ್ಟ ಉತ್ತರ ಧೈರ್ಯದ್ದೇ. ಟ್ಯಾಬ್ಲೆಟ್‌ಗೆ ಒಂದು, ಪಿಸಿಗೆ ಒಂದು ಅಂತ ಬೇಡ, ಎರಡಕ್ಕೂ ಒಂದೇ ವಿಂಡೋಸ್ ಅಂದರು. ಸ್ಟಾರ್ಟ್ ಮೆನು ಬದಲು ಇಡೀ ತೆರೆ ತುಂಬೋ ಸ್ಟಾರ್ಟ್ ಸ್ಕ್ರೀನ್ ಬಂತು, ಬಣ್ಣ ಬಣ್ಣದ ದೊಡ್ಡ ಟೈಲ್‌ಗಳು, ಬೆರಳಿಗೆ ಒಗ್ಗೋ ಗಾತ್ರ. ಈ ಶೈಲಿಯ ಹೆಸರು ಮೆಟ್ರೋ, 2012ರ ಆಗಸ್ಟ್‌ನಲ್ಲಿ ಆ ಹೆಸರನ್ನ ಕೈಬಿಟ್ಟರು. ವಿಸ್ಟಾ ಕಾಲದಿಂದ ಬಂದಿದ್ದ ಗಾಜಿನ ಹೊಳಪೂ ಹೋಯ್ತು, ಎಲ್ಲ ಚಪ್ಪಟೆ.

2011ರ ಸೆಪ್ಟೆಂಬರ್‌ನಲ್ಲಿ ಡೆವಲಪರ್‌ಗಳಿಗೆ ಕೊಟ್ಟ ಮೊದಲ ಆವೃತ್ತಿಯಲ್ಲಿ ಬಟನ್ ಇನ್ನೂ ಇತ್ತು. ರಿಜಿಸ್ಟ್ರಿಯಲ್ಲಿ ಒಂದು ಬೆಲೆ ಬದಲಿಸಿದರೆ ಹಳೇ ಮೆನುವೂ ಬರ್ತಿತ್ತು. 2012ರ ಫೆಬ್ರವರಿ 29ಕ್ಕೆ ಎಲ್ಲರಿಗೂ ಬಿಟ್ಟ ಪ್ರಿವ್ಯೂನಲ್ಲಿ ಬಟನ್ನೇ ಮಾಯ. ಮೌಸನ್ನ ಎಡಗಡೆ ಕೆಳಗಿನ ಮೂಲೆಗೆ ಒಯ್ದರೆ ಒಂದು ಪುಟ್ಟ ಚಿತ್ರ ಮೂಡ್ತಿತ್ತು, ಅದನ್ನ ಒತ್ತಬೇಕು. ಮೆಷಿನ್ ಆಫ್ ಮಾಡಬೇಕಾ? ಬಲಗಡೆ ಮೂಲೆಗೆ ಹೋಗಿ, ಚಾರ್ಮ್ಸ್ ಪಟ್ಟಿ ಕರೆದು, ಸೆಟ್ಟಿಂಗ್ಸ್ ಒತ್ತಿ, ಪವರ್ ಒತ್ತಿ, ಆಮೇಲೆ ಶಟ್‌ಡೌನ್.

ಯಾಕೆ ತೆಗೆದಿರಿ ಅಂತ ಜನ ಕೇಳಿದಾಗ ಸಿಕ್ಕ ಉತ್ತರದಲ್ಲಿ ಅಂಕಿಅಂಶ ಇತ್ತು. ವಿಸ್ಟಾಗೆ ಹೋಲಿಸಿದರೆ ವಿಂಡೋಸ್ 7ರಲ್ಲಿ ಸ್ಟಾರ್ಟ್ ಮೆನು ಬಳಕೆ ಶೇ. 11ರಷ್ಟು ಇಳಿದಿದೆ ಅಂತ ತಂಡ 2011ರಲ್ಲೇ ಬರೆದಿತ್ತು. ಜನ ತಮಗೆ ಬೇಕಾದ ಪ್ರೋಗ್ರಾಂಗಳನ್ನ ಟಾಸ್ಕ್‌ಬಾರ್‌ಗೇ ಪಿನ್ ಮಾಡ್ಕೊಳ್ತಿದ್ದಾರೆ, ಹಾಗಾಗಿ ಮೆನು ಬದಲಿಸೋಕೆ ಅವಕಾಶ ಸಿಕ್ಕಿತು ಅನ್ನೋದು ಅವರ ವಾದ.

ಎಣಿಕೆ ಸುಳ್ಳಾ? ಇಲ್ಲ. ಹಾಗಾದರೆ ಎಡವಿದ್ದೆಲ್ಲಿ?

ನನಗೆ ಈ ಕಥೆಯಲ್ಲಿ ಬಹಳ ಮುಖ್ಯ ಅನ್ನಿಸೋ ಜಾಗ ಇದು. ಆ ಶೇ. 11 ನಿಜವೇ ಇದ್ದೀತು. ಆದರೆ ಮೂರು ವಿಷಯ ಯೋಚಿಸಿ.

ಒಂದು, ಎಣಿಕೆಗೆ ಸಿಕ್ಕವರು ಯಾರು? ಆಗ ಬಳಕೆಯ ಮಾಹಿತಿ ಕಳಿಸೋ ಕಾರ್ಯಕ್ರಮಕ್ಕೆ ಬಳಸೋರು ತಾವಾಗಿ ಒಪ್ಪಿ ಸೇರಬೇಕಿತ್ತು. ನಾವು ಕೆಲಸ ಮಾಡೋ ಥರದ ಕಂಪನಿಗಳಲ್ಲಿ ಇಂಥದ್ದನ್ನ ಐಟಿ ವಿಭಾಗದವರು ಮೊದಲ ದಿನವೇ ಆಫ್ ಮಾಡಿಟ್ಟಿರ್ತಾರೆ. ಮನೆಯಲ್ಲೂ, ಸ್ವಲ್ಪ ತಿಳಿದವರು ಆ ಟಿಕ್ ಮಾರ್ಕ್ ತೆಗೆದೇ ಮುಂದೆ ಹೋಗೋದು. ಅಂದ್ರೆ ದಿನಕ್ಕೆ ಎಂಟು-ಹತ್ತು ಗಂಟೆ ವಿಂಡೋಸ್ ಮುಂದೆ ಕೂರೋ ಎಷ್ಟೋ ಜನ ಲೆಕ್ಕಕ್ಕೇ ಬಂದಿರಲ್ಲ.

ಎರಡು, ಸಲ ಎಣಿಸೋದು ಬೇರೆ, ಅಗತ್ಯ ಅಳೆಯೋದು ಬೇರೆ. ಮನೆಯ ಹಿಂಬಾಗಿಲನ್ನ ದಿನಾ ಬಳಸಲ್ಲ, ಹಾಗಂತ ಗೋಡೆ ಕಟ್ಟಿ ಮುಚ್ಚಲ್ಲ. ಪಿನ್ ಮಾಡಿದ ನಾಲ್ಕು ಪ್ರೋಗ್ರಾಂ ದಿನಾ ಬೇಕು. ಐದನೆಯದು ತಿಂಗಳಿಗೊಮ್ಮೆ ಬೇಕು, ಅದರ ಹೆಸರೂ ನೆನಪಿರಲ್ಲ, ಮೆನು ತೆರೆದು ಹುಡುಕಬೇಕು. ಮೆನು ಇದ್ದಿದ್ದೇ ಅದಕ್ಕೆ.

ಮೂರು, ಮೆನು ಬಳಕೆ ಇಳಿದಿದೆ ಅನ್ನೋ ಅಂಕಿಯಿಂದ ಕಣ್ಣಿಗೆ ಕಾಣೋ ಬಟನ್ ಬೇಡ ಅನ್ನೋ ತೀರ್ಮಾನ ಹೊರಡಲ್ಲ. ಮೆನು ಒಂದು ಉಗ್ರಾಣ, ಬಟನ್ ಒಂದು ಗುರುತು. ಮೂಲೆಯಲ್ಲಿ ಏನೂ ಕಾಣದೇ ಇದ್ದಾಗ ಫೋನಿನಲ್ಲಿ "ಎಡಕ್ಕ ತೆಳಗ" ಅಂತ ಹೇಳಿದರೆ ಆ ಕಡೆಯಿಂದ "ಇಲ್ಲೇನೂ ಇಲ್ಲಲ್ಲೋ" ಅಂತ ಬರೋದೇ. 1995ರ ತಂಡ ಪಕ್ಕದಲ್ಲಿ ಕೂತು ನೋಡಿ ಆ ಗುರುತನ್ನ ಇಟ್ಟಿತ್ತು. 2012ರಲ್ಲಿ ಅದನ್ನ ತೆಗೆಯುವಾಗ ಮುಂದೆ ಇಟ್ಟ ಸಮರ್ಥನೆ ಎಣಿಕೆಯದು. ಲ್ಯಾಬ್‌ಗಳು ಆಗಲೂ ಇದ್ದವು, ಆದರೆ ಮಾತು ಗೆದ್ದಿದ್ದು ಅಂಕಿಯದು.

ನಮ್ಮ ರಾತ್ರಿ ಪಾಳಿಯಲ್ಲಿ ಈ ವಾದ

ಇದು ಬರೀ ಅಮೆರಿಕದ ಪತ್ರಿಕೆಗಳ ಜಗಳ ಆಗಿದ್ದರೆ ನಾನು ಇಷ್ಟು ಹೇಳ್ತಿರಲಿಲ್ಲ. 2012ರ ಸೆಪ್ಟೆಂಬರ್‌ನಲ್ಲಿ ಬಂದ ವಿಂಡೋಸ್ ಸರ್ವರ್ 2012ಕ್ಕೂ ಇದೇ ಟೈಲ್‌ಗಳು, ಇದೇ ಕಾಣದ ಮೂಲೆಗಳು. ಸರ್ವರ್‌ಗೆ ಟಚ್ ಸ್ಕ್ರೀನ್ ಯಾರಿಟ್ಟಾರು? ಸರ್ವರ್ ಮುಂದೆ ಯಾರೂ ಕೂರೋದೂ ಇಲ್ಲ. ಅದಿರೋದು ಎಲ್ಲೋ ಡೇಟಾ ಸೆಂಟರ್‌ನಲ್ಲಿ, ಅದನ್ನ ನೋಡ್ಕೊಳ್ಳೋರು ಪುಣೆಯಲ್ಲೋ ಹೈದರಾಬಾದಲ್ಲೋ ಚೆನ್ನೈನಲ್ಲೋ ರಾತ್ರಿ ಪಾಳಿಯಲ್ಲಿ, ರಿಮೋಟ್ ಡೆಸ್ಕ್‌ಟಾಪ್ ಮೂಲಕ.

ಈಗ ರಿಮೋಟ್ ಡೆಸ್ಕ್‌ಟಾಪನ್ನ ಪುಟ್ಟ ಕಿಟಕಿಯಲ್ಲಿ ತೆರೆದಿದ್ದೀರಿ ಅಂದುಕೊಳ್ಳಿ. ನಿಮ್ಮದೇ ತೆರೆಯ ಮೂಲೆಯಲ್ಲಾದರೆ ಮೌಸ್ ಎಷ್ಟು ತಳ್ಳಿದರೂ ಅಲ್ಲೇ ನಿಲ್ಲುತ್ತೆ. ಕಿಟಕಿಯ ಮೂಲೆಯಲ್ಲಿ ಹಾಗಿಲ್ಲ, ಕೂದಲೆಳೆ ಆಚೆ ಹೋದರೆ ಮೌಸ್ ಹೊರಗೆ. ಕಾಣದ ಜಾಗಕ್ಕೆ ಗುರಿ ಇಟ್ಟು ನಿಲ್ಲಿಸಬೇಕು. ವಿಂಡೋಸ್ ಕೀ ಒತ್ತೋಣ ಅಂದ್ರೆ, ಕಿಟಕಿ ಪೂರ್ತಿ ತೆರೆ ತುಂಬದೇ ಇದ್ದಾಗ ಅದು ಸಾಮಾನ್ಯವಾಗಿ ನಿಮ್ಮದೇ ಮೆಷಿನ್‌ಗೆ ಹೋಗುತ್ತೆ, ಅದಕ್ಕೆ ಬೇರೆ ಸೆಟ್ಟಿಂಗ್ ಬೇಕು. ಹಾಗಾಗಿ ಡೆಸ್ಕ್‌ಟಾಪ್ ಮೇಲೇ ರೀಸ್ಟಾರ್ಟ್‌ಗೆ ಶಾರ್ಟ್‌ಕಟ್ ಮಾಡಿಟ್ಟುಕೊಳ್ಳೋ ಅಡ್ಮಿನ್‌ಗಳು ಎಲ್ಲ ಕಡೆ ಹುಟ್ಟಿಕೊಂಡರು.

ಆಗ ನಾನು ಹಿಂಜವಡಿಯಲ್ಲಿ ಅಂಥದ್ದೇ ಒಂದು ಸಪೋರ್ಟ್ ಟೀಮಿನಲ್ಲಿದ್ದೆ. ರಾತ್ರಿ ಎರಡು ಗಂಟೆಯ ಚಹಾ ಹೊತ್ತಿಗೆ ಈ ವಾದ ಏಳ್ತಿತ್ತು. ನಮ್ಮ ಟೀಮ್ ಲೀಡ್ ಸೊಲ್ಲಾಪುರದೋರು, ಮನೆಯಲ್ಲಿ ಕನ್ನಡ, ಆಫೀಸಲ್ಲಿ ಮರಾಠಿ. "ಹದಿನೇಳು ವರ್ಷ ಕೈಗೆ ಕೂತಿದ್ದನ್ನ ಬಿಡಸಾಕ ಇವರಿಗೆ ಹೇಳ್ದವ್ರ್ಯಾರು?" ಅನ್ನೋದು ಅವರ ಮಾತು. ಹೊಸದಾಗಿ ಸೇರಿದ್ದ ಮಧುರೈ ಹುಡುಗ ಇದನ್ನ ಒಪ್ಪುತ್ತಿರಲಿಲ್ಲ. ಅವನು ಮೌಸ್ ಮುಟ್ಟೋದೇ ಅಪರೂಪ. ವಿಂಡೋಸ್ ಕೀ ಒತ್ತಿ, ಎರಡು ಅಕ್ಷರ ಟೈಪ್ ಮಾಡಿ, ಎಂಟರ್ ಹೊಡೀತಿದ್ದ. "ಸರ್, ಇದೇ ಫಾಸ್ಟ್, ನೀವು ಟ್ರೈ ಮಾಡಿ" ಅಂತಿದ್ದ. ಅವನ ಮಾತಿನಲ್ಲಿ ಸತ್ಯ ಇತ್ತು. ವಿಂಡೋಸ್ 8 ಹಳೇ ಮೆಷಿನ್ ಮೇಲೂ ಬೇಗ ಬೂಟ್ ಆಗ್ತಿತ್ತು, ಟಾಸ್ಕ್ ಮ್ಯಾನೇಜರ್ ಬಹಳ ಸುಧಾರಿಸಿತ್ತು. ಇದನ್ನೆಲ್ಲ ಬಟನ್ ಗಲಾಟೆಯಲ್ಲಿ ಜನ ಮರೆತೇಬಿಟ್ಟರು.

ಅವರಿಬ್ಬರ ವಾದ ಕೇಳ್ತಾ ಕೇಳ್ತಾ ನನಗೆ ಹೊಳೆದಿದ್ದು ಏನಂದ್ರೆ, ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡ್ತಿದ್ದರು. ಹುಡುಗ ಕೇಳ್ತಿದ್ದದ್ದು "ಕಲಿತಮೇಲೆ ಯಾವುದು ಚುರುಕು?" ಅಂತ. ಲೀಡ್ ಕೇಳ್ತಿದ್ದದ್ದು "ಕಲಿಯೋ ಹೊತ್ತನ್ನ ಯಾರು ಕೊಡ್ತಾರೆ?" ಅಂತ. ಟಿಕೆಟ್ ಬಂದು ಹದಿನೈದು ನಿಮಿಷದಲ್ಲಿ ಉತ್ತರ ಕೊಡಬೇಕಾದೋನಿಗೆ ಎರಡನೇ ಪ್ರಶ್ನೆಯೇ ದೊಡ್ಡದು. ಹೊಸ ರೂಪ ಕೊಟ್ಟೋರಿಗೆ ಅದರ ಖರ್ಚು ಲೆಕ್ಕದಲ್ಲಿ ಕಾಣಲ್ಲ, ಅದು ಲಕ್ಷಾಂತರ ಜನರ ಅರ್ಧರ್ಧ ಗಂಟೆಯಾಗಿ ಚದುರಿಹೋಗಿರುತ್ತೆ.

ಜನ ಏನು ಮಾಡಿದರು?

ವಾದ ಮಾಡ್ತಾ ಕೂರದೆ ದಾರಿ ಹುಡುಕಿಕೊಂಡೋರು ಬಹಳ. ವಿಂಡೋಸ್ 7ರಲ್ಲಿ ಕ್ಲಾಸಿಕ್ ಮೆನು ತೆಗೆದಾಗಲೇ, 2009ರಲ್ಲಿ, ಇವೋ ಬೆಲ್ಚೆವ್ ಅನ್ನೋರು ಕ್ಲಾಸಿಕ್ ಶೆಲ್ ಅನ್ನೋ ಉಚಿತ ತಂತ್ರಾಂಶ ಶುರು ಮಾಡಿದ್ದರು. ವಿಂಡೋಸ್ 8 ಬಂದಮೇಲೆ ಅದು ಮನೆಮಾತಾಯ್ತು. ಸ್ಟಾರ್‌ಡಾಕ್ ಕಂಪನಿ ಸ್ಟಾರ್ಟ್8 ಅಂತ ಮಾಡಿ ಸುಮಾರು 5 ಡಾಲರ್‌ಗೆ ಮಾರಿತು. ಯೋಚನೆ ಮಾಡಿ, ಹದಿನೇಳು ವರ್ಷ ಪುಕ್ಕಟೆ ಇದ್ದ ಬಟನ್ನಿಗೆ ಜನ ದುಡ್ಡು ಕೊಟ್ಟರು! ಎಷ್ಟೋ ಕಂಪನಿಗಳು 8ರ ಕಡೆ ತಿರುಗಿಯೂ ನೋಡದೆ ವಿಂಡೋಸ್ 7ರಲ್ಲೇ ಉಳಿದವು.

ಲಿನಕ್ಸ್ ಲೋಕದಲ್ಲೂ ಇದೇ ಹೊತ್ತಿಗೆ ಇಂಥದ್ದೇ ನಡೆದಿತ್ತು. 2011ರ ಏಪ್ರಿಲ್‌ನಲ್ಲಿ ಬಂದ ಗ್ನೋಮ್ 3, ಕಿಟಕಿಗಳ ಮಿನಿಮೈಸ್ ಬಟನ್ನನ್ನೇ ತೆಗೆದು ಹಾಕಿತ್ತು. ಲಿನಕ್ಸ್ ಹುಟ್ಟಿಸಿದ ಲೀನಸ್ ಟೋರ್ವಾಲ್ಡ್ಸ್ ಅವರೇ ಸಿಟ್ಟಾಗಿ ಎಕ್ಸ್‌ಎಫ್‌ಸಿಇ ಕಡೆ ಹೋದರು, ಆಮೇಲೆ ವಾಪಸ್ ಬಂದರು. ಆದರೆ ಅಲ್ಲಿ ಸೋರ್ಸ್ ಕೋಡ್ ಎಲ್ಲರ ಕೈಯಲ್ಲೂ ಇದೆ. ಅರ್ಜೆಂಟೀನಾದ ಒಬ್ಬ ಬಳಕೆದಾರ ಹಳೇ ಗ್ನೋಮ್ 2ರ ಕೋಡ್ ತಗೊಂಡು ಮಾಟೆ ಅಂತ ಮುಂದುವರಿಸಿದ. ಲಿನಕ್ಸ್ ಮಿಂಟ್‌ನೋರು ಸಿನಮನ್ ಮಾಡ್ಕೊಂಡರು. ಅಂದ್ರೆ ಅಲ್ಲಿ ಅಣ್ಣತಮ್ಮಂದಿರು ಪಾಲು ಮಾಡ್ಕೊಂಡು ಬೇರೆ ಮನೆ ಹೂಡಬಹುದು. ವಿಂಡೋಸ್‌ನಲ್ಲಿ ಬಾಡಿಗೆದಾರ ನೀವು, ಮಾಲೀಕ ಗೋಡೆ ಒಡೆದರೆ ಮುಂದಿನ ಆವೃತ್ತಿಗೆ ಕಾಯಬೇಕು.

ಬಟನ್ ವಾಪಸ್ ಬಂತು, ಮೆನು ಬರೋಕೆ ಇನ್ನೂ ಎರಡು ವರ್ಷ

2012ರ ಅಕ್ಟೋಬರ್ 26ಕ್ಕೆ ವಿಂಡೋಸ್ 8 ಬಿಡುಗಡೆ. ಮೂರು ವಾರ ಕಳೆಯೋದರೊಳಗೆ ಸಿನೋಫ್ಸ್ಕಿ ಮೈಕ್ರೋಸಾಫ್ಟ್ ಬಿಟ್ಟರು. ಬಟನ್ನಿಂದಲೇ ಬಿಟ್ಟರು ಅಂತ ಹೇಳೋಕಾಗಲ್ಲ, ಆದರೆ ಎರಡನ್ನೂ ಜೋಡಿಸಿ ಮಾತಾಡಿದೋರು ಬಹಳ. 2013ರ ಮೇ ಹೊತ್ತಿಗೆ 10 ಕೋಟಿ ಪರವಾನಗಿ ಮಾರಾಟ ಆಗಿದೆ ಅಂತ ಕಂಪನಿ ಹೇಳಿತು, ಜೊತೆಗೇ ಕಲಿಯೋ ಕಷ್ಟ ಇರೋದು ನಿಜ ಅಂತಲೂ ಒಪ್ಪಿತು. ಆ ಜುಲೈನಲ್ಲಿ ಸರ್ಫೇಸ್ ಆರ್‌ಟಿ ಟ್ಯಾಬ್ಲೆಟ್‌ಗಳ ದಾಸ್ತಾನಿಗೆ 90 ಕೋಟಿ ಡಾಲರ್ ನಷ್ಟ ತೋರಿಸಬೇಕಾಯ್ತು. ಯಾವ ಟ್ಯಾಬ್ಲೆಟ್‌ಗಾಗಿ ಡೆಸ್ಕ್‌ಟಾಪ್ ಬಗ್ಗಿತ್ತೋ, ಆ ಟ್ಯಾಬ್ಲೆಟ್ಟೇ ಓಡಲಿಲ್ಲ.

2013ರ ಅಕ್ಟೋಬರ್ 17ಕ್ಕೆ ವಿಂಡೋಸ್ 8.1. ಬಟನ್ ವಾಪಸ್ ಬಂತು, ಆದರೆ ಒತ್ತಿದರೆ ಬರೋದು ಅದೇ ಟೈಲ್ ತೆರೆ. ಬಾಗಿಲು ಕೊಟ್ಟರು, ಮನೆ ಕೊಡಲಿಲ್ಲ ಅಂತ ಜನ ನಕ್ಕರು. ಅದೇ ಹೊತ್ತಿಗೆ ಸರ್ವರ್ 2012 ಆರ್2ನಲ್ಲೂ ಬಟನ್ ಬಂತು. ಅದರ ಮೇಲೆ ರೈಟ್ ಕ್ಲಿಕ್ ಮಾಡಿದರೆ ಶಟ್‌ಡೌನ್ ಸಿಗ್ತಿತ್ತು, ಅಡ್ಮಿನ್‌ಗಳ ಜೀವಕ್ಕೆ ಸ್ವಲ್ಪ ಹಾಯಾಯ್ತು.

2014ರ ಫೆಬ್ರವರಿ 4ಕ್ಕೆ ಸತ್ಯ ನಾದೆಲ್ಲ ಸಿಇಒ ಆದರು. ಹೈದರಾಬಾದಿನೋರು, ನಮ್ಮ ಮಣಿಪಾಲದ ಎಂಐಟಿಯಲ್ಲಿ ಓದಿದೋರು. ಅದೇ ಏಪ್ರಿಲ್‌ನಲ್ಲಿ ಡೆವಲಪರ್‌ಗಳ ಸಮಾವೇಶದಲ್ಲಿ ನಿಜವಾದ ಸ್ಟಾರ್ಟ್ ಮೆನುವಿನ ಒಂದು ಝಲಕ್ ತೋರಿಸಿದರು, ಸಭೆ ಚಪ್ಪಾಳೆ ಹೊಡೀತು. 2015ರ ಜುಲೈ 29ಕ್ಕೆ ವಿಂಡೋಸ್ 10 ಬಂದಾಗ ಎಡಗಡೆ ಹಳೇ ಪಟ್ಟಿ, ಬಲಗಡೆ ಟೈಲ್‌ಗಳು. ರಾಜಿ ಪಂಚಾಯ್ತಿ. ನಮ್ಮಪ್ಪನ ಕಂಪ್ಯೂಟರ್ ಎಕ್ಸ್‌ಪಿಯಿಂದ ಸೀದಾ ಇದಕ್ಕೇ ಬಂತು. ನಡುವಿನ ಮಹಾಭಾರತ ಅವರಿಗೆ ಗೊತ್ತೇ ಇಲ್ಲ.

ಇಲ್ಲೊಂದು ವ್ಯಂಗ್ಯ ಇದೆ. ವಿಂಡೋಸ್ 10ರ ಸಾಮಾನ್ಯ ಆವೃತ್ತಿಗಳಲ್ಲಿ ಬಳಕೆಯ ಮಾಹಿತಿ ಕಳಿಸೋದನ್ನ ಪೂರ್ತಿ ಆಫ್ ಮಾಡೋಕೆ ಬರ್ತಿರಲಿಲ್ಲ. ಎಣಿಕೆಗೆ ಎಲ್ಲರೂ ಬಂದರು! ಅದೇ ಇನ್ನೊಂದು ಜಗಳಕ್ಕೆ ದಾರಿಯಾಯ್ತು, 2016ರಲ್ಲಿ ಫ್ರಾನ್ಸ್‌ನ ಡೇಟಾ ರಕ್ಷಣಾ ಸಂಸ್ಥೆ ನೋಟಿಸ್ ಕೊಟ್ಟಿತು. ಇಷ್ಟಾದರೂ, 2021ರ ಅಕ್ಟೋಬರ್ 5ಕ್ಕೆ ವಿಂಡೋಸ್ 11 ಬಂದಾಗ ಟಾಸ್ಕ್‌ಬಾರಿನ ಐಕಾನ್‌ಗಳು ನಡುವೆ ಬಂದು ಕೂತವು. ಎಡಕ್ಕೆ ತರೋ ಸೆಟ್ಟಿಂಗ್ ಇತ್ತು, ಆದರೆ ಟಾಸ್ಕ್‌ಬಾರನ್ನೇ ತೆರೆಯ ಪಕ್ಕಕ್ಕೋ ಮೇಲಕ್ಕೋ ಸರಿಸೋ, 1995ರಿಂದ ಇದ್ದ ಅವಕಾಶ ಹೋಗಿತ್ತು. ಜನ ಕೇಳಿದಾಗ, ಕೇಳೋರ ಸಂಖ್ಯೆ ಚಿಕ್ಕದು ಅನ್ನೋ ಅರ್ಥದ ಉತ್ತರ 2022ರಲ್ಲಿ ಬಂತು. ಹತ್ತು ವರ್ಷದ ಹಿಂದೆ ಕೇಳಿದ ರಾಗವೇ. ಎಣಿಕೆ ದೊಡ್ಡದಾದ ಮಾತ್ರಕ್ಕೆ "ಯಾಕೆ" ಅನ್ನೋದು ತಿಳಿಯಲ್ಲ.

ಯಾರೂ ಮಾಡದ ಜಗಳ

ಈಗ ಕನ್ನಡದ ವಿಷಯಕ್ಕೆ ಬರೋಣ. ವಿಂಡೋಸ್ 8 ಬಂದಾಗ ಬಟನ್ ಜೊತೆ ಇನ್ನೊಂದು ದೃಶ್ಯ ಬದಲಾವಣೆಯೂ ಆಯ್ತು. ಕನ್ನಡ ಅಕ್ಷರದ ರೂಪ ಬದಲಾಯ್ತು. ನಿಮಗೆ ಗೊತ್ತಿತ್ತಾ?

ಎಕ್ಸ್‌ಪಿ ಜೊತೆ ಬಂದಿದ್ದ ಕನ್ನಡ ಫಾಂಟ್ ತುಂಗಾ, ನಮ್ಮ ನದಿಯ ಹೆಸರೇ. ಅದಕ್ಕೂ ಮೊದಲು ಬರಹ, ನುಡಿಯಂಥ ತಂತ್ರಾಂಶಗಳೇ ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಆಸರೆ. ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕಾಣಬೇಕಾದರೆ ರೀಜನಲ್ ಸೆಟ್ಟಿಂಗ್ಸ್‌ಗೆ ಹೋಗಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅನ್ನೋದಕ್ಕೆ ಟಿಕ್ ಹಾಕಿ, ಬಹಳಷ್ಟು ಸಲ ಸಿಡಿ ಕೂಡ ಹಾಕಬೇಕಿತ್ತು. ಹಾಕದಿದ್ದರೆ ಒತ್ತಕ್ಷರಗಳು ಬಿಡಿ ಬಿಡಿಯಾಗಿ ಚೆಲ್ಲಾಪಿಲ್ಲಿ. ಈ ಕೆಲಸ ಮಾಡಿಕೊಟ್ಟ ನೆನಪು ನಿಮ್ಮಲ್ಲಿ ಹಲವರಿಗೆ ಇರುತ್ತೆ. ವಿಂಡೋಸ್ 8ರಲ್ಲಿ ಭಾರತದ ಹಲವು ಲಿಪಿಗಳಿಗೆ ಒಟ್ಟಿಗೆ ಹೊಂದೋ ಹಾಗೆ ನಿರ್ಮಲಾ ಯುಐ ಅನ್ನೋ ಹೊಸ ಫಾಂಟ್ ಬಂತು. ವಿಂಡೋಸ್ 10ರಲ್ಲಿ ತುಂಗಾ ಬೇಕಾದವರು ಹೆಚ್ಚುವರಿಯಾಗಿ ಹಾಕಿಕೊಳ್ಳೋ ಫಾಂಟ್‌ಗಳ ಪಟ್ಟಿಗೆ ಸರಿಯಿತು.

ಕನ್ನಡಿಗರು ದಿನಾ ಓದೋ ಅಕ್ಷರದ ಮೈಕಟ್ಟೇ ಬದಲಾಯ್ತು, ಆದರೆ ಒಂದು ಸಣ್ಣ ವಾದವೂ ನನ್ನ ಕಿವಿಗೆ ಬೀಳಲಿಲ್ಲ. ನನ್ನ ಕಣ್ಣಿಗೆ ನಿರ್ಮಲಾ ಸಣ್ಣ ಗಾತ್ರದಲ್ಲಿ ಓದೋಕೆ ತುಂಗಾಗಿಂತ ವಾಸಿ, ಆ ಮಾತು ಬೇರೆ. ಮೆಚ್ಚಿದೋರೂ ಇಲ್ಲ, ಬೈದೋರೂ ಇಲ್ಲ ಅನ್ನೋದು ನನಗೆ ಚುಚ್ಚಿದ್ದು. ಕಾರಣ ಸರಳ, ನಾವೆಲ್ಲ ಮೆಷಿನ್ನನ್ನ ಇಂಗ್ಲಿಷ್‌ನಲ್ಲಿ ಇಟ್ಟಿರ್ತೀವಿ. ವಿಂಡೋಸ್‌ಗೆ ಕನ್ನಡ ಇಂಟರ್‌ಫೇಸ್ ಎಕ್ಸ್‌ಪಿ ಕಾಲದಿಂದ ಇದೆ, ಇವತ್ತೂ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತೆ. ಹಾಕಿ ನೋಡಿದೋರು ಎಷ್ಟು ಜನ?

ಈಗ ಆ ಶೇ. 11ರ ತರ್ಕವನ್ನ ಇಲ್ಲಿಗೆ ತನ್ನಿ. ಎಲ್ಲೋ ಒಂದು ಕೋಷ್ಟಕದಲ್ಲಿ ಕನ್ನಡ ಇಂಟರ್‌ಫೇಸ್ ಬಳಸೋರ ಎದುರಿಗೆ ಒಂದು ಚಿಕ್ಕ ಅಂಕಿ ಇರುತ್ತೆ. ಅದನ್ನ ನೋಡಿದೋರು "ಯಾರಿಗೂ ಬೇಡ" ಅಂತ ಓದಬಹುದು. ಪಕ್ಕದಲ್ಲಿ ಕೂತು ನೋಡಿದರೆ ಬೇರೆಯೇ ಕಾಣುತ್ತೆ. ಆಫೀಸ್ ಮೆಷಿನ್ನಿನಲ್ಲಿ ಭಾಷೆ ಬದಲಿಸೋಕೆ ಅನುಮತಿ ಇಲ್ಲ. ಟ್ರೇನಿಂಗ್, ಎರರ್ ಮೆಸೇಜ್ ಎಲ್ಲ ಇಂಗ್ಲಿಷ್. ಕನ್ನಡಕ್ಕೆ ತಂದ ಕೆಲವು ಪದಗಳು ನಮ್ಮ ಬಾಯಿಗೇ ಹೊಸವು. ಸಾಲಿನ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಳೆದು ಇಟ್ಟ ಬಟನ್ ಮೇಲೆ ನಮ್ಮ ಒತ್ತಕ್ಷರದ ಕಾಲು ಕತ್ತರಿಸಿ ಹೋಗಿರುತ್ತೆ. ನಮ್ಮಪ್ಪ ಇಡೀ ಲೇಖನವನ್ನ ಕನ್ನಡದಲ್ಲಿ ಟೈಪ್ ಮಾಡ್ತಿದ್ರು, ಸೇವ್ ಮಾಡೋ ಹೊತ್ತಿಗೆ ಮಾತ್ರ ಇಂಗ್ಲಿಷ್ ಮೆನು. ಅವರು ಯಾವ ಲೆಕ್ಕದಲ್ಲಿ ಬರ್ತಾರೆ? ಇಂಗ್ಲಿಷ್ ಬಳಕೆದಾರರ ಲೆಕ್ಕದಲ್ಲಿ.

ಸ್ಟಾರ್ಟ್ ಬಟನ್ ವಾಪಸ್ ಬಂದಿದ್ದು ಅದು ಚಂದ ಇತ್ತು ಅಂತಲ್ಲ. ಅದು ಬೇಕಾದೋರು ಗಟ್ಟಿಯಾಗಿ ಕೇಳಿದರು, ಖರೀದಿ ಮಾಡೋ ಕಂಪನಿಗಳು 7ರಿಂದ ಕದಲಲಿಲ್ಲ. ಕನ್ನಡದ ಒತ್ತಕ್ಷರಕ್ಕೆ ಹಾಗೆ ಕೇಳೋರು ಇಲ್ಲ, ಆದರೆ ಈ ಬರಹ ಓದ್ತಿರೋರಲ್ಲಿ ಟೆಸ್ಟಿಂಗ್, ಯುಐ, ಲೋಕಲೈಸೇಶನ್ ಕೆಲಸ ಮಾಡೋರೇ ಎಷ್ಟೋ ಜನ ಇದ್ದೀರಿ. ಸ್ವಂತ ಲ್ಯಾಪ್‌ಟಾಪನ್ನ ಒಂದು ವಾರ ಕನ್ನಡದಲ್ಲಿ ಇಟ್ಟು ನೋಡಿ. ಕಾಲು ಕತ್ತರಿಸಿದ ಅಕ್ಷರ, ಅರ್ಥ ಆಗದ ಪದ ಕಂಡರೆ ಸ್ಕ್ರೀನ್‌ಶಾಟ್ ತೆಗೆದು ಫೀಡ್‌ಬ್ಯಾಕ್ ಹಬ್‌ನಲ್ಲಿ ಹಾಕಿ. ಹಾಕಿದ್ದನ್ನ ಇಲ್ಲಿ ಕೆಳಗೂ ಬರೆಯಿರಿ, ಒಂದು ಪಟ್ಟಿ ಮಾಡೋಣ. ಹಾಗೇ, ಫೋನಿನಲ್ಲಿ ಅಪ್ಪ ಅಮ್ಮಂಗೆ ಕಂಪ್ಯೂಟರ್ ಹೇಳಿಕೊಡುವಾಗ ನೀವು ಯಾವ ಗುರುತು ಹೇಳ್ತೀರಿ ಅನ್ನೋದನ್ನೂ ತಿಳಿಸಿ.

ಮುಂದಿನ ಮಾತುಕತೆಯಲ್ಲಿ ಕನ್ನಡ ಕೀಬೋರ್ಡ್‌ಗಳ ಕಥೆ ತಗೊಂಡು ಬರ್ತೀನಿ. ಅಲ್ಲೀವರೆಗೆ, ನಮಸ್ಕಾರ.